ವಾಸನೆ ಇಲ್ಲ ಎಂಬ ಮಾತು

ಮೊನ್ನೆ ಮಧ್ಯಾಹ್ನ ಹಾಲಿಗೆ ಹೆಪ್ಪು ಕೇಳಲೆಂದು ಓಣಿಯ ಕೊನೆಯ ಮನೆಗೆ ಹೋದೆ. ಬಾಗಿಲಲ್ಲೇ ಊದಿನಕಡ್ಡಿಯ ಗಾಢ ವಾಸನೆ ಮುಖಕ್ಕೆ ಬಡಿಯಿತು. ಪೂಜೆಯ ಹೊತ್ತಲ್ಲ, ಕಡ್ಡಿಗಳು ದೇವರ ಮುಂದೆಯೂ ಇರಲಿಲ್ಲ. ಒಳಕೋಣೆಯ ಹೊಸ್ತಿಲ ಬಳಿ ಬಾಳೆಹಣ್ಣಿಗೆ ಗೊಂಚಲಾಗಿ ಚುಚ್ಚಿ ನಿಲ್ಲಿಸಿದ್ದರು. ಆ ಮನೆಯ ಅತ್ತೆಗೆ ಗಡ್ಡೆಯಾಗಿದೆ ಎಂಬುದು ಗಂಗಾವತಿಯ ನಮ್ಮ ಓಣಿಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದೂ ಗೊತ್ತು. ಅತ್ತೆ ಮಲಗಿದ್ದಾರೆ, ಇಲ್ಲೇ ಕೂಡ್ರಿ ಎಂದು ಸೊಸೆ ಕುರ್ಚಿಯನ್ನು ಬೀದಿಬಾಗಿಲ ಕಡೆಗೇ ಸರಿಸಿ, ಹೆಪ್ಪು ತರಲು ಅಡುಗೆಮನೆಗೆ ಹೋದಳು. ನಾನು ಕುಳಿತಲ್ಲಿಂದಲೇ ಕುಷ್ಟಗಿಗೆ ಹೋಗಿಬಿಟ್ಟೆ.

ಕುಷ್ಟಗಿಯಲ್ಲಿ ನಮ್ಮ ಶಾಂತಕ್ಕ ಇದ್ದಳು. ನನ್ನ ಗಂಡನ ಅಣ್ಣನ ಹೆಂಡತಿ, ನನಗೆ ನೆಗೆಣ್ಣಿ. ಭಾವನದು ಬೀಜ-ಗೊಬ್ಬರದ ಅಂಗಡಿ. ಅಂಗಡಿಯಲ್ಲಿ ಕೂರುವವರು ಅವರಾದರೂ ಗಿರಾಕಿಗಳ ಮನೆಯ ಸುದ್ದಿಯೆಲ್ಲ ಗೊತ್ತಿದ್ದದ್ದು ಶಾಂತಕ್ಕನಿಗೆ. ನಾನೋ ಕಾನ್ವೆಂಟಿನಲ್ಲಿ ಓದಿ ಬಂದವಳು. ಸಿಸ್ಟರುಗಳು ಕಲಿಸಿದ ಗಣಿತ ಮರೆತಿದೆ, ಕರ್ಚೀಫಿನ ಮಡಿಕೆ ಮರೆತಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಬರುವುದು ಕಂಡರೆ ಸಾಕು, "ನಮ್ಮ ಇಂಗ್ಲೀಷ್ ಸಾಲಿ ಬಂತು, ಚಪ್ಲಿ ಸಾಲಾಗಿ ಇಡ್ರಿ" ಎಂದು ಶಾಂತಕ್ಕ ಮನೆಗೆಲ್ಲ ಸಾರುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಚಪ್ಪಲಿ ಸಾಲಾಗಿದ್ದರೆ ಒಳಗೊಳಗೇ ಸಮಾಧಾನವೂ ಆಗುತ್ತಿತ್ತು.

ಎದೆಯ ಗಡ್ಡೆಯನ್ನು ಅವಳು ಬಹಳ ಕಾಲ ಸೆರಗಿನಡಿ ಮುಚ್ಚಿಟ್ಟಳು. ಹುಬ್ಬಳ್ಳಿಗೆ ಕರೆದೊಯ್ಯುವ ಹೊತ್ತಿಗೆ ಅದು ಒಡೆದು ಹುಣ್ಣಾಗಿತ್ತು. ಚಿಕಿತ್ಸೆ ನಡೆಯಿತು, ನಿಂತಿತು. ಇನ್ನು ರೋಗ ಇಳಿಯುವುದಿಲ್ಲ, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಚೆನ್ನಾಗಿ ಎಂದರೆ ಹೇಗೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೆಲವರು ಹುಲಿಗಿಯ ದೇವಿಗೆ ಹರಕೆ ಹೊತ್ತರು, ಕೆಲವರು ಎಳನೀರು ತಂದರು.

ಆ ಹುಣ್ಣಿನ ವಾಸನೆಯನ್ನು ನಿಮಗೆ ಹೇಗೆ ಹೇಳಲಿ? ಬೇಸಿಗೆಯಲ್ಲಿ ಮರೆತುಹೋದ ಪಾತ್ರೆಯ ಮುಚ್ಚಳ ತೆಗೆದಂತೆ ಎಂದರೆ ಕಡಿಮೆಯೇ ಆಯಿತು. ಅದು ಗೋಡೆಯ ಸುಣ್ಣಕ್ಕೆ, ಪರದೆಗೆ, ನನ್ನ ಕೂದಲಿಗೆ ಹತ್ತಿಕೊಂಡು ಬಸ್ಸಿನಲ್ಲಿ ಗಂಗಾವತಿಯವರೆಗೂ ಬರುತ್ತಿತ್ತು. ಭಾವ ಹೆಚ್ಚು ಮಾತಿನವರಲ್ಲ. ಊದಿನಕಡ್ಡಿಯ ಕಟ್ಟುಗಳನ್ನು ತಂದು ತಂದು ಹಚ್ಚಿದರು, ತಾವು ಮಾತ್ರ ಪಡಸಾಲೆಯಲ್ಲೇ ಉಳಿದರು. ನೋಡಲು ಬಂದವರು ಬಾಗಿಲಲ್ಲಿ ನಿಂತು, ಸೆರಗು ಮೂಗಿಗೆ ಒತ್ತಿಕೊಂಡೇ, ಏನೂ ವಾಸನೆ ಇಲ್ಲ ಬಿಡು ಎಂದು ಹೇಳಿಹೋಗುತ್ತಿದ್ದರು. ನಾನೂ ಹಾಗೇ ಅಂದೆ. ನನ್ನದು ಸೆರಗಲ್ಲ, ಕರ್ಚೀಫು, ಅಷ್ಟೇ.

"ಇಷ್ಟು ಊದಿನಕಡ್ಡಿ ದೇವ್ರಿಗೂ ಹಚ್ಚಿದಾಂವ ಅಲ್ಲ ನಿಮ್ಮ ಭಾವ" ಎಂದಳು ಶಾಂತಕ್ಕ ಒಂದು ದಿನ. "ನಾ ಇನ್ನೂ ಸತ್ತಿಲ್ಲಂತ ಯಾರರೆ ಹೇಳ್ರಿ ಅವ್ರಿಗೆ."

ಅವಳ ಒಬ್ಬಳೇ ಮಗಳು ಸವಿತಾ ಯಲಬುರ್ಗಾದ ಸೊಸೆ, ಆಗ ತುಂಬಿದ ಬಸುರಿ. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ, ಉತ್ತತ್ತಿಯಿಂದ ಉಡಿ ತುಂಬಬೇಕು. ಆ ಉಡಿಯನ್ನು ತನ್ನ ಕೈಯಿಂದ ತುಂಬುವುದೊಂದೇ ಶಾಂತಕ್ಕನಿಗೆ ಉಳಿದಿದ್ದ ಆಸೆ. ಬಸುರಿಯನ್ನು ಆ ಕೋಣೆಗೆ ಬಿಡುವುದು ಹೇಗೆ ಎಂದು ಹಿರಿಯರು ತಡೆದರು. ಅವರಿಗಿಂತ ಮೊದಲು ತಡೆದವಳು ಅವಳೇ. "ನನ್ನ ವಾಸನಿ ನನಗ ತಡ್ಕೊಳ್ಳಾಕ ಆಗವಲ್ದು. ಅಕಿನ್ನ ಕರೀಬ್ಯಾಡ್ರಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಅದೇ ವಾರ ಕೊಪ್ಪಳದಿಂದ ನರ್ಸ್ ಒಬ್ಬರು ಬಂದರು. ಇಂಥ ಕಾಯಿಲೆಯವರನ್ನು ಮನೆಗೇ ಬಂದು ನೋಡುವುದು ಅವರ ಕೆಲಸ. ಫೈಲು ಬಿಚ್ಚುವ ಮುನ್ನ ಮಂಚದ ಹತ್ತಿರ ಕುಳಿತು, ಎಲ್ಲಕ್ಕಿಂತ ಹೆಚ್ಚು ತ್ರಾಸು ಯಾವುದರದು ಎಂದು ಶಾಂತಕ್ಕನನ್ನೇ ಕೇಳಿದರು. ನೋವು ಎನ್ನುತ್ತಾಳೆಂದು ನಾವು ಕಾದೆವು. ಅವಳು ವಾಸನೆ ಎಂದಳು.

"ರೋಗಕ್ಕ ಔಷಧ ಮುಗದಿರಬೌದ್ರಿ ಅಕ್ಕಾರ" ಎಂದರು ನರ್ಸ್. "ವಾಸನಿಗೆ ಐತಿ. ನೋವಿಗೂ ಐತಿ. ಅಷ್ಟು ಮಾಡೂಣು."

ಭಾವ ಇನ್ನೂ ಪಡಸಾಲೆ ದಾಟಿರಲಿಲ್ಲ, ಹೀಗಾಗಿ ಕುಷ್ಟಗಿಯಲ್ಲೇ ಉಳಿದು ಆ ಕೆಲಸ ನಾನು ಕಲಿತೆ. ನೋವಿನ ಗುಳಿಗೆಯನ್ನು ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮೊದಲೇ, ಹೊತ್ತು ತಪ್ಪದೆ ಕೊಡಬೇಕು. ಕುದಿಸಿ ಆರಿಸಿದ ಉಪ್ಪುನೀರಿನಿಂದ ಹಳೆಯ ಪಟ್ಟಿಯನ್ನು ನೆನೆಸಿ ಅದು ತಾನಾಗಿ ಬಿಡುವವರೆಗೆ ಕಾಯಬೇಕು, ಎಳೆಯಬಾರದು. ಹೊಟ್ಟೆ ಕೆಟ್ಟಾಗ ನುಂಗುತ್ತೇವಲ್ಲ, ಅಂಥದೇ ಒಂದು ಗುಳಿಗೆಯನ್ನು ನರ್ಸಿನ ಆಸ್ಪತ್ರೆಯ ಡಾಕ್ಟರು ವಾಸನೆಗೆಂದು ಬರೆದುಕೊಟ್ಟಿದ್ದರು. ಅದನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಬೇಕು. ಶಾಂತಕ್ಕನ ಹಳೆಯ ನೂಲಿನ ಸೀರೆಗಳನ್ನು ಕುದಿಸಿ, ಬಿಸಿಲಿಗೆ ಒಣಗಿಸಿ, ಕತ್ತರಿಸಿ ಪಟ್ಟಿ ಮಾಡಿದೆ. ಅಂಚಿಗೆ ಅಂಚು ಕೂಡಿಸಿ ಮಡಿಚುವಾಗ, ಸಿಸ್ಟರುಗಳು ನೋಡಿದ್ದರೆ ಮೆಚ್ಚುತ್ತಿದ್ದರು ಎಂಬ ಯೋಚನೆ ಬಂದು ನನಗೇ ನಾಚಿಕೆಯಾಯಿತು.

ಕೆಲವು ದಿನಗಳಲ್ಲಿ ವಾಸನೆ ಇಳಿಯಿತು. ಮೊದಲು ಪಡಸಾಲೆಯಿಂದ, ಆಮೇಲೆ ಕೋಣೆಯಿಂದ. ಅಕ್ಕಾ, ವಾಸನೆ ಇಲ್ಲ ಎಂದು ಓಡಿಹೋಗಿ ಹೇಳಿದೆ. ಅವಳು ಕಣ್ಣು ಕೂಡ ತೆರೆಯಲಿಲ್ಲ. "ಮೊದಲಿಂದ್ಲೂ ಇದನ್ನ ಅಂತೀರಲ್ಲ" ಎಂದಳು. ತಿಂಗಳುಗಟ್ಟಲೆ ಸುಳ್ಳಾಗಿ ಆಡಿದ ಮಾತು ಈಗ ನಿಜವಾಗಿತ್ತು, ಅದನ್ನು ಹೇಳಲು ನಮ್ಮ ಹತ್ತಿರ ಬೇರೆ ಮಾತೇ ಉಳಿದಿರಲಿಲ್ಲ. ಭಾವ ಹೇಳಿ ನೋಡಿದರು. ನರ್ಸ್ ಕೂಡ ಹೇಳಿದರು. ಅವಳು ಎಲ್ಲರಿಗೂ ಹೂಂ ಎಂದಳು.

ಮರುದಿನ ಊಟದ ಹೊತ್ತಿಗೆ ನನ್ನನ್ನು ಕರೆದಳು. "ಬಾಯಿಲೆ ಹೇಳಬ್ಯಾಡ. ತಾಟು ತೊಗೊಂಡು ಬಂದು ಇಲ್ಲೇ ಕುಂತು ಉಣ್ಣು. ಊದಿನಕಡ್ಡಿ ಆರಿಸು. ಕರ್ಚೀಫ್ ಹೊರಗ ಇಟ್ಟು ಬಾ."

ರೊಟ್ಟಿ, ಪುಂಡಿಪಲ್ಯ ಬಡಿಸಿಕೊಂಡು ಮಂಚದ ಪಕ್ಕ ನೆಲಕ್ಕೆ ಕುಳಿತೆ. ಅವಳು ಮಗ್ಗುಲಾಗಿ ನನ್ನ ಮೂಗನ್ನೇ ನೋಡುತ್ತಿದ್ದಳು. ನಾನು ಮೊದಲೇ ನಿಧಾನವಾಗಿ ಉಣ್ಣುವವಳು. ಪರೀಕ್ಷೆಯಲ್ಲೂ ಅಷ್ಟು ಬೆವರಿರಲಿಲ್ಲ. ತಾಟು ಬರಿದಾದ ಮೇಲೆ ಇನ್ನರ್ಧ ರೊಟ್ಟಿ ಹಾಕಿಕೊ ಎಂದಳು. ಹಾಕಿಕೊಂಡೆ. ಅದೂ ಮುಗಿದ ಮೇಲೆ, ಸಣ್ಣ ದನಿಯಲ್ಲಿ, "ಸವಿತಾನ ಕರಸ್ರಿ" ಎಂದಳು.

ಯಲಬುರ್ಗಾದ ಬೀಗರು ಮುಖ ಸಣ್ಣ ಮಾಡಿಕೊಂಡೇ ಒಪ್ಪಿದರು. ಕುಬಸ ಆ ಕೋಣೆಯಲ್ಲೇ ಆಯಿತು. ಗಡ್ಡೆಯ ಕಡೆಯ ಎಡಗೈ ಬಾತು ಏಳದಾಗಿತ್ತು. ಶಾಂತಕ್ಕ ಬಲಗೈಯಿಂದಲೇ ಹಿಡಿ ಹಿಡಿಯಾಗಿ ಮಗಳ ಉಡಿ ತುಂಬಿದಳು. ಸವಿತಾ ತಲೆ ಎತ್ತಲಿಲ್ಲ. ಕೊನೆಯ ಹಿಡಿ ಬಿದ್ದದ್ದೇ ತಡ, ಉಡಿಯನ್ನು ನನ್ನ ಸೆರಗಿಗೆ ಸುರಿದು ಹಿತ್ತಲಿಗೆ ಓಡಿದಳು. ಅವಳು ಕಾರಿಕೊಳ್ಳುವ ಸದ್ದು ಕೋಣೆಯೊಳಗೆ ಕೇಳಿಸಿತು.

"ಊದಿನಕಡ್ಡಿ ಹಚ್ಚು" ಎಂದಳು ಶಾಂತಕ್ಕ.

ನಾನು ಹಚ್ಚಿದೆ. ಅಷ್ಟರಲ್ಲಿ ಸವಿತಾ ಮುಖ ತೊಳೆದುಕೊಂಡು ಬಂದಳು, ನನ್ನ ಕೈಯಿಂದ ಕಡ್ಡಿ ಕಸಿದು ನೆಲಕ್ಕೆ ಒತ್ತಿ ಆರಿಸಿದಳು. "ಇದರ ವಾಸನಿಗೇ ನನಗ ವಾಂತಿ ಬರೂದು, ಚಿಗವ್ವ. ಗ್ವಾಡಿಗೆಲ್ಲಾ ಹತ್ತೈತಿ ಇದು. ಇನ್ನ ಯಾರೂ ಹಚ್ಚಬ್ಯಾಡ್ರಿ" ಎಂದವಳು ಮಂಚ ಏರಿ, ಹಸಿರು ಸೀರೆಯಲ್ಲೇ ತಾಯಿಯ ಪಕ್ಕ ಒರಗಿದಳು. ಶಾಂತಕ್ಕ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಕೂಸು ಹುಟ್ಟುವ ಮುಂಚೆಯೇ ಶಾಂತಕ್ಕ ತೀರಿಹೋದಳು. ನೋವು ಹತೋಟಿಯಲ್ಲಿತ್ತು. ಭಾವ ಒಳಗೆ ಬಂದು ಪಕ್ಕದಲ್ಲಿ ಕುಳಿತಿದ್ದರು. ಇಷ್ಟಾದರೂ ಆಯಿತಲ್ಲ ಎನ್ನುತ್ತಾರೆ ಜನ. ಇಷ್ಟೇ ಆಯಿತಲ್ಲ ಎನ್ನಿಸುತ್ತದೆ ನನಗೆ. ಅವತ್ತು ಹೇಳಿದ್ದು ನಿಜವೇ ಎಂದು ಸವಿತಾಳನ್ನು ಒಮ್ಮೆ ಕೇಳಿದೆ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದವಳು ಕೇಳಿಸದವಳ ಹಾಗೆ ಹಚ್ಚುತ್ತಲೇ ಇದ್ದಳು. ಮತ್ತೆ ಕೇಳಲು ನನಗೆ ಧೈರ್ಯವಾಗಿಲ್ಲ.

ಅಷ್ಟರಲ್ಲಿ ಓಣಿಯ ಕೊನೆಯ ಮನೆಯ ಆ ಸೊಸೆ ಹೆಪ್ಪಿನ ಬಟ್ಟಲು ತಂದಳು. ನಾನು ಅದನ್ನು ಅಲ್ಲೇ ಕಿಟಕಿಯಲ್ಲಿಟ್ಟು ಒಳಕೋಣೆಯ ಪರದೆ ಸರಿಸಿದೆ; ಅವಳು ಬೇಡ ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿದ್ದೆ. ಮಂಚದ ಮೇಲಿದ್ದ ಆಕೆ ಅವಸರದಿಂದ ಸೆರಗು ಎಳೆದುಕೊಂಡು ನನ್ನ ಮುಖ ನೋಡಿದರು.

"ವಾಸನಿ ಬರತೈತೇನ್ರಿ?"

ಇಲ್ಲ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು.

"ಬರತೈತ್ರಿ" ಎಂದೆ. ಹಾಗೆ ಅಂದ ಮೇಲೆ ತಿರುಗಿ ಹೋಗುವಂತಿರಲಿಲ್ಲ. ಮಂಚದ ಹತ್ತಿರ ಕುಳಿತೆ.