ಓಟಿಪಿ ಕೂಗುತ್ತಿದ್ದ ಬಂಡೆ

ನಾನು ಚಿಕ್ಕವನಿದ್ದಾಗ, ಅಂದರೆ ಏಳನೇ ಕ್ಲಾಸಿನಲ್ಲಿದ್ದಾಗ, ಮಾದಾಪುರದ ಹತ್ತಿರದ ನಮ್ಮ ಮನೆಯೊಳಗೆ ಫೋನಿಗೆ ರೇಂಜೇ ಸಿಗುತ್ತಿರಲಿಲ್ಲ. ಹೀಗೆ ಕಥೆ ಶುರುಮಾಡಲು ತಲೆ ನರೆತಿರಬೇಕು ಅಂತ ಯಾರಾದರೂ ವಾದಿಸುವುದಾದರೆ ಬನ್ನಿ, ನಾನು ಸಿದ್ಧ.

ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಅವರ ಸಿಮ್ಮಿಗೆ ರೇಂಜ್ ಸಿಗುತ್ತಿದ್ದದ್ದು ರಸ್ತೆ ಬದಿಯ ಬಂಡೆಯ ಮೇಲೆ ಮಾತ್ರ. ಅಕ್ಕನ ಸಿಮ್ಮಿಗೆ ನಲವತ್ತು ಹೆಜ್ಜೆ ಕೆಳಗೆ, ಮೋರಿಯ ಹತ್ತಿರ. ಗ್ಯಾಸ್ ಗಾಡಿ ಮೋರಿಯ ಬಳಿ ನಿಂತರೆ ನಾನು ಅಪ್ಪನ ಫೋನ್ ಹಿಡಿದು ಬಂಡೆ ಹತ್ತಿ, ಬಂದ ಓಟಿಪಿಯನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಎಸ್ಟೇಟಿನ ಕೂಲಿಯವರಿದ್ದ ಲೈನ್ ಮನೆಗಳವರೂ ಹಾಗೇ ಮಾಡುತ್ತಿದ್ದರು. ಅದು ಗುಟ್ಟಿನ ನಂಬರ್ ಅಂತ ನಮಗ್ಯಾರಿಗೂ ಅನ್ನಿಸಿರಲೇ ಇಲ್ಲ.

ಒಂದು ಶನಿವಾರ ಮಧ್ಯಾಹ್ನ. ಅಪ್ಪನ ಫೋನ್ ಹಿಡಿದು ನಾನು ಬಂಡೆಯ ಮೇಲಿದ್ದೆ; ಹಿಂದಿನ ದಿನ ಮಳೆ ಬಿದ್ದು ಪಾಚಿ ಜಾರುತ್ತಿತ್ತು. ಡಿಗ್ರಿ ಓದುತ್ತಿದ್ದ ಅಕ್ಕ ಮೋರಿಯ ಹತ್ತಿರ ಫೋನಿನಲ್ಲಿದ್ದಳು. ಅವಳ ಸ್ಕಾಲರ್‌ಶಿಪ್ ಮಂಜೂರಾಗಿದೆಯಂತೆ. ಕರೆ ಮಾಡಿದವನು ಅವಳ ಕಾಲೇಜು, ಕ್ಲಾಸು ಎಲ್ಲ ಸರಿಯಾಗಿ ಹೇಳಿದ್ದ. ಹಣ ಹಾಕಲು ಬೇಕು ಅಂದದ್ದಕ್ಕೆ ಅಪ್ಪನ ಕಾರ್ಡಿನ ನಂಬರನ್ನು ಅಕ್ಕ ಆಗಲೇ ಕೊಟ್ಟಾಗಿತ್ತು. ಆ ಖಾತೆಯಲ್ಲಿದ್ದದ್ದು ಅವಳ ಮುಂದಿನ ವರ್ಷದ ಹಾಸ್ಟೆಲ್ ಫೀಸು.

"ಓಟಿಪಿ ಬಂತೇನೋ? ಕೂಗೋ!"

ಅಭ್ಯಾಸಬಲ, ಉಸಿರು ಎಳೆದುಕೊಂಡೆ. ಆದರೆ ನಂಬರಿನ ಮುಂದೆ ಇನ್ನೂ ಏನೋ ಬರೆದಿತ್ತು. ಓದಿದೆ. ಅಪ್ಪನ ಖಾತೆಯಿಂದ ಹಣ *ಹೋಗಲು* ಈ ನಂಬರ್, ಯಾರಿಗೂ ಹೇಳಬೇಡಿ.

ಬಾಯಿ ಮುಚ್ಚಿಕೊಂಡು ಕೆಳಗಿಳಿದೆ.

"ಕೂಗು ಅಂದ್ರೆ ನಡ್ಕೊಂಡು ಬರ್ತಾನೆ! ಐದು ನಿಮಿಷದಲ್ಲಿ ಕ್ಯಾನ್ಸಲ್ ಆಗುತ್ತಂತೆ ಕಣೋ."

"ಸಿಲಿಂಡರ್ ಎದುರಿಗೆ ಬಂದ್ಮೇಲೆ ತಾನೇ ನಾವು ನಂಬರ್ ಹೇಳೋದು? ಇವ್ನು ಏನು ತಂದಿದಾನೆ?"

"ನಿನ್ನ ಡಿಬೇಟ್ ಶಾಲೇಲಿ ಇಟ್ಕೋ!"

"ಒಂದೇ ಪ್ರಶ್ನೆ. ಸೋಮವಾರ ಕಾಲೇಜಲ್ಲೇ ವಿಚಾರಿಸ್ತೀನಿ ಅಂತ ಹೇಳು, ಏನಂತಾನೆ ನೋಡೋಣ."

ಅಕ್ಕ ಹಲ್ಲು ಕಚ್ಚಿಕೊಂಡೇ, ಸ್ಪೀಕರಿನಲ್ಲಿದ್ದ ಫೋನಿಗೆ ಹಾಗೆ ಹೇಳಿದಳು. ಅಷ್ಟು ಹೊತ್ತು "ಮೇಡಂ, ಮೇಡಂ" ಅನ್ನುತ್ತಿದ್ದವನ ದನಿ ಬದಲಾಯಿತು. "ಕಾಲೇಜಿಗೆ ಹೇಳಿದ್ರೆ ಸ್ಕಾಲರ್‌ಶಿಪ್ ಹೋಯ್ತು ಅಂತ ತಿಳ್ಕೊಳ್ಳಿ!"

"ಕಾಲೇಜಿಗೇ ಗೊತ್ತಾಗಬಾರದ ಸ್ಕಾಲರ್‌ಶಿಪ್ ಯಾವುದ್ರೀ ಅದು?" ಅಂತ ಕೇಳಿ ಅಕ್ಕ ಕರೆ ಕಟ್ ಮಾಡಿದಳು. ಆ ದಿನದ ಅತ್ಯುತ್ತಮ ಪ್ರಶ್ನೆ ಅವಳದೇ, ಒಪ್ಪುತ್ತೇನೆ.

ಆದರೆ ಕಾರ್ಡಿನ ನಂಬರ್ ಆಗಲೇ ಅವನ ಕೈಸೇರಿತ್ತು. ಅಪ್ಪನಿಗೆ ಹೇಳುವುದೇ ಬೇಡ ಅಂದಳು. ಅದಕ್ಕೂ ವಾದ ಮಾಡಿದೆ, ಗೆದ್ದೆ. ಅಪ್ಪ ಕಾಫಿ ಹಣ್ಣು ಕೊಯ್ಲಿನ ಪಿಕಿಂಗ್ ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಬಂಡೆ ಹತ್ತಿ, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬಂದ್ ಮಾಡಿಸಿದರು. ಇಳಿದು ಬಂದು ಅಕ್ಕನನ್ನು ಕೇಳಿದ್ದು ಒಂದೇ ಮಾತು: "ಊಟ ಆಯ್ತೇನಮ್ಮಾ?"

ಅಂದಿನಿಂದ ಬಂಡೆ ಹತ್ತಿದವರಿಗೆಲ್ಲ ಅಕ್ಕ ಕೆಳಗಿನಿಂದ ಕೂಗುತ್ತಿದ್ದಳು: "ಮೊದಲು ಪೂರ್ತಿ ಓದಿ!"

ಈಗ ನಿಮಗೆ ಹಾಸಿಗೆಯ ಮೇಲೂ ರೇಂಜ್ ಸಿಗುತ್ತದೆ. ಓಟಿಪಿ ಕೂಗಬೇಕಿಲ್ಲ, ಬೆರಳು ಆಡಿಸಿದರೆ ಸಾಕು, ಹೋಗಿಬಿಡುತ್ತದೆ. ನನ್ನ ಕಾಲದ ಕಷ್ಟ ನಿಮಗಿಲ್ಲ, ಸಂತೋಷ. ಆದರೆ ಬಂಡೆಗೂ ಮೋರಿಗೂ ನಡುವೆ ಇದ್ದ ಆ ನಲವತ್ತು ಹೆಜ್ಜೆಯೂ ನಿಮಗಿಲ್ಲ. ಯಾರಾದರೂ ಅವಸರ ಮಾಡಿದರೆ, ಯಾರಿಗೂ ಹೇಳಬೇಡ ಅಂದರೆ, ಫೋನ್ ಕೆಳಗಿಟ್ಟು ಏಳಿ. ಅಪ್ಪ ಅಮ್ಮ ಇರುವಲ್ಲಿಗೆ ನಲವತ್ತು ಹೆಜ್ಜೆ ನಡೆಯಿರಿ. ಮನೆ ಚಿಕ್ಕದಾದರೆ ಎರಡು ಸುತ್ತು ಹಾಕಿ.