ಬೆನ್ನಲ್ಲಿ ಬೆಳೆದ ದವಡೆ

ದಾಂಡೇಲಿಯ ಜಾಕೀರ ಲಾರಿ ಮೆಕ್ಯಾನಿಕ್. ಎಂಜಿನ್ನಿನ ಸದ್ದು ಕೇಳಿಯೇ ಅದಕ್ಕೇನಾಗಿದೆಯೆಂದು ಹೇಳುತ್ತಿದ್ದ. ಕ್ಯಾನ್ಸರ್ ಬಂದು ಅವನ ಕೆಳದವಡೆಯನ್ನು ತೆಗೆದು ಎರಡು ವರ್ಷವಾಗಿತ್ತು. ಅಂದಿನಿಂದ ಅವನ ಊಟವೆಂದರೆ ಹೆಂಡತಿ ನಿಲೋಫರ ಸೋಸಿಕೊಡುವ ಗಂಜಿ, ಮಾತೆಂದರೆ ಮಗಳ ಪಾಟಿಯ ಮೇಲೆ ಬರೆದದ್ದು.

ಹುಬ್ಬಳ್ಳಿಯ ಡಾಕ್ಟರು ದವಡೆಯ ಆಕಾರದ ಜಾಲರಿಯೊಳಗೆ ಅವನದೇ ಎಲುಬಿನ ಚೂರು ತುಂಬಿ, ಬೆನ್ನಿನ ಸ್ನಾಯುವಿನಲ್ಲಿಟ್ಟು ಹೊಲಿದರು. ಅಲ್ಲಿ ಹೊಸ ಎಲುಬು ಬೆಳೆದ ಮೇಲೆ ತೆಗೆದು ಮುಖಕ್ಕೆ ಕೂಡಿಸುವುದಿತ್ತು.

ನಿಲೋಫರ ದಿನಾ ಮೈ ಒರೆಸುವಾಗ ಆ ಉಬ್ಬನ್ನು ಮುಟ್ಟಿ, “ಗಟ್ಟಿ ಆಗಾಕತ್ತೈತಿ ನೋಡ್ರಿ” ಎನ್ನುತ್ತಿದ್ದಳು. “ಮೊದಲ ರೊಟ್ಟಿ, ಆಮೇಲೆ ಮಾತು” ಎಂದು ಅವನು ಬರೆಯುತ್ತಿದ್ದ.

ಏಳನೆಯ ತಿಂಗಳಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ನಿಲೋಫರಳನ್ನು ಒಳಗೆ ಕರೆದು ಹೇಳಿದರು: “ಎಲುಬು ಚಲೋ ಬೆಳದೈತಮ್ಮ. ಆದ್ರ ಕ್ಯಾನ್ಸರ್ ಶ್ವಾಸಕೋಶಕ್ಕ ಹಬ್ಬೇತಿ. ಇನ್ನ ಆಪರೇಷನ್ ಮಾಡಾಕ ಬರಂಗಿಲ್ಲ.”

ಎರಡು ತಿಂಗಳಿಗೆ ಜಾಕೀರ ತೀರಿಕೊಂಡ. ಮಯ್ಯತ್ತಿಗೆ ಸ್ನಾನ ಮಾಡಿಸಲು ಬಂದ ಹಿರಿಯರಿಗೆ ನಿಲೋಫರ ಬಾಗಿಲಲ್ಲಿ ನಿಂತು ಹೇಳಿದಳು: “ಹಗೂರಕ ಹೊಳ್ಳಿಸ್ರಿ. ಬೆನ್ನಾಗ ಅವರ ದವಡಿ ಐತಿ.”

ಅವರು ಕೈಗೆ ಕೈ ಕೊಟ್ಟು, ಮಲಗಿದ ಕೂಸನ್ನು ಎತ್ತುವಂತೆ ಅವನನ್ನು ಎತ್ತಿ ಮಗ್ಗುಲಾಗಿಸಿದರು.