ನನ್ನ ಹೆಸರಿನಲ್ಲಿ ಆಡಿದ ಮಾತು

ನನಗೆ ಹೇಸಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಭದ್ರಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು ನಾನು. ಕೀವು, ರಕ್ತ, ವಾಂತಿ ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ವಾರ್ಡಿನಿಂದ ಬಂದು ಕೈ ತೊಳೆದುಕೊಂಡು ನೇರ ಊಟಕ್ಕೆ ಕೂರುತ್ತಿದ್ದೆ. ಆದರೆ ನಮ್ಮ ಬಾಡಿಗೆ ಮನೆಯನ್ನು ನೋಡಿಕೊಳ್ಳಲೆಂದು ನಂಬಿ ಒಪ್ಪಿಸಿದ್ದ ಏಜೆನ್ಸಿಯವನ ಮುಖ ನೆನಪಾದರೆ ಇವತ್ತಿಗೂ ತುತ್ತು ಗಂಟಲಲ್ಲೇ ನಿಲ್ಲುತ್ತದೆ.

ಶಿವಮೊಗ್ಗದ ನವುಲೆಯಲ್ಲಿ ಮನೆ ಕಟ್ಟಿಸಿದ್ದು ನಿವೃತ್ತಿಯಾದ ಮೇಲೆ ನಾವೇ ಇರೋಣವೆಂದು. ಸಂಸ್ಕೃತದ ಮೇಷ್ಟರಾಗಿದ್ದ ನನ್ನ ತಂದೆ ಮನೆಗೊಂದು ಹೆಸರು ಆರಿಸಿಕೊಟ್ಟಿದ್ದರು. ಅದನ್ನು ಕರಿಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಮೇಲೆ ಕೂರಿಸಿದ್ದೂ ಆಯಿತು. ಎಲ್ಲ ಮುಗಿದ ಮೇಲೆ ನಮ್ಮ ಯಜಮಾನರು ಹಟ ಹಿಡಿದರು. ಅವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಭದ್ರಾವತಿಯ ನ್ಯೂ ಟೌನಿನ ಆ ಅಗಲದ ರಸ್ತೆಗಳಲ್ಲಿ ಬೆಳಗಿನ ತಿರುಗಾಟ, ತಮಿಳು, ತೆಲುಗು, ಕನ್ನಡ ಮೂರನ್ನೂ ಕಲಸಿ ಮಾತಾಡುವ ಹಳೆಯ ಗೆಳೆಯರು, ಅವರ ಜೊತೆ ಒಂದು ಲೋಟ ಕಾಫಿ, ಇದನ್ನೆಲ್ಲ ಬಿಟ್ಟು ಬರುವುದಿಲ್ಲವೆಂದರು. ಹಾಗಾಗಿ ನವುಲೆಯ ಮನೆ ಬಾಡಿಗೆಗೆ ಹೋಯಿತು.

ಮೊದಲು ಬಂದ ಬಾಡಿಗೆಯವರು ಬಲ್ಬು ಹೋದರೂ ನನಗೇ ಫೋನು ಮಾಡುತ್ತಿದ್ದರು. ಅವರು ಬಿಟ್ಟು ಹೋದ ಮೇಲೆ ಈ ತಾಪತ್ರಯವೇ ಬೇಡವೆಂದು ಶಿವಮೊಗ್ಗದಲ್ಲಿ ಬಾಡಿಗೆ ಮನೆಗಳ ಉಸ್ತುವಾರಿ ನೋಡುವ ಒಂದು ಏಜೆನ್ಸಿಗೆ ಹೋದೆವು. ಮಹಡಿಯ ಮೇಲೆ ಗಾಜಿನ ಬಾಗಿಲ ಆಫೀಸು, ಒಳಗೆ ಎ.ಸಿ. ಅದನ್ನು ನಡೆಸುತ್ತಿದ್ದವನು ಮೂವತ್ತೈದರ ಆಸುಪಾಸಿನ, ಇಸ್ತ್ರಿ ಕೆಡದ ಬಿಳಿ ಶರಟಿನ ಮನುಷ್ಯ.

"ನೀವು ಮನೆ ಇದೆ ಅನ್ನೋದನ್ನೇ ಮರ್ತುಬಿಡಿ ಮೇಡಂ. ಬಾಡಿಗೆಯೋರನ್ನ ಹುಡುಕೋದು, ರಿಪೇರಿ, ಕಿರಿಕಿರಿ ಎಲ್ಲ ನಮ್ದು. ಒಂದೇ ಕಂಡೀಷನ್ನು. ಅವರು ನಿಮಗೆ ಫೋನ್ ಮಾಡಂಗಿಲ್ಲ, ನೀವು ಅವರಿಗೆ ಮಾಡಂಗಿಲ್ಲ. ಏನಿದ್ರೂ ಆಫೀಸ್ ಮೂಲಕ."

ಆ ಕಂಡೀಷನ್ನು ನನಗೆ ಹಿತವಾಗಿಯೇ ಕೇಳಿಸಿತು. ಸಹಿ ಹಾಕಿ ಬಂದೆವು.

ಸ್ವಲ್ಪ ದಿನಕ್ಕೆ ಒಂದು ಕುಟುಂಬ ಬಂದಿದೆಯೆಂದು ತಿಳಿಸಿದ. ಗಂಡ ಬಸ್ ಡ್ರೈವರ್, ಹೆಂಡತಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ, ಜೊತೆಗೆ ಅತ್ತೆ. ಬಾಡಿಗೆ ಸರಿಯಾಗಿ ಬರುತ್ತಿತ್ತು. ನಾನು ನಿಜಕ್ಕೂ ಮನೆಯನ್ನು ಮರೆತೆ.

ಮಳೆಗಾಲ ಶುರುವಾದ ಮೇಲೆ ಅವನ ಫೋನು ಬರತೊಡಗಿತು. "ಕಕ್ಕಸಿನ ಪಿಟ್ ತುಂಬಿದೆ ಮೇಡಂ, ಖಾಲಿ ಮಾಡಿಸ್ತೀನಿ." ಮಾಡಿಸಪ್ಪ ಅಂದೆ. ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಂಡ. ಮುಂದಿನ ತಿಂಗಳು ಮತ್ತೆ ಪಿಟ್ಟು, ಮತ್ತೆ ಖರ್ಚು. ಅದರ ಮುಂದಿನ ತಿಂಗಳು ಪೈಪು. ಪ್ರತಿ ಸಲವೂ ಅದೇ ರಾಗ. "ಜನ ಸರಿ ಇಲ್ಲ ಮೇಡಂ. ಬಟ್ಟೆ ಬರೆ ಎಲ್ಲ ಅದರೊಳಗೇ ಹಾಕ್ತಾರೆ. ಖಾಲಿ ಮಾಡ್ಸೋಣ. ಒಳ್ಳೆ ಫ್ಯಾಮಿಲಿ ಒಂದು ಕಾಯ್ತಾ ಇದೆ." ಯೋಚಿಸಿ ಹೇಳುತ್ತೇನೆ ಎನ್ನುತ್ತಿದ್ದೆ.

ಒಮ್ಮೆ ರಿಪೇರಿಯಾದ ಜಾಗದ ಫೋಟೋ ಕಳಿಸೆಂದು ಕೇಳಿದೆ. ತಕ್ಷಣ ವಾಟ್ಸಾಪಿನಲ್ಲಿ ಬಂತು. ಹೊಸ ಸಿಮೆಂಟು ಬಳಿದ ಮುಚ್ಚಳ, ಗುಡಿಸಿದ ಅಂಗಳ, ಪಕ್ಕದಲ್ಲಿ ಗೊನೆ ಬಿಟ್ಟ ತೆಂಗಿನ ಮರ. ನಾನು ಫೋನನ್ನು ನಮ್ಮೆಜಮಾನರ ಮುಂದೆ ಹಿಡಿದೆ.

"ನಮ್ಮನೇಲಿ ತೆಂಗಿನ ಮರ ಎಲ್ಲಿದೆ?" ಅಂದರು.

ಇರಲಿಲ್ಲ. ನಾವು ಆ ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ ಬಿಟ್ಟು ಏನನ್ನೂ ನೆಟ್ಟಿರಲಿಲ್ಲ. ಫೋನು ಮಾಡಿ ಕೇಳಿದರೆ, "ಅಯ್ಯೋ, ಬೇರೆ ಮನೇದು ಬಂದುಬಿಟ್ಟಿದೆ ಮೇಡಂ, ನಿಮ್ದು ಸಂಜೆ ಕಳಿಸ್ತೀನಿ" ಎಂದ. ಆ ಸಂಜೆಯೂ ಬರಲಿಲ್ಲ, ಮರುದಿನವೂ ಬರಲಿಲ್ಲ.

"ನಾನೇ ಹೋಗಿ ನೋಡ್ಕೊಂಡು ಬರ್ತೀನಿ" ಅಂದೆ.

"ಸುಮ್ನಿರೇ ಮಾರಾಯ್ತಿ, ಅವನ ಹತ್ರ ಎಂಥ ಜಗಳ" ಎಂದು ಇವರು ಪೇಪರಿನೊಳಗೆ ತಲೆ ಹುದುಗಿಸಿದರು. ನಾನು ಬಸ್ಸು ಹತ್ತಿದೆ.

ಶಿವಮೊಗ್ಗದಲ್ಲಿ ಇಳಿದು ಆಟೋ ಹಿಡಿದು ನವುಲೆಗೆ ಹೋದೆ. ನಮ್ಮ ರಸ್ತೆಗೆ ತಿರುಗುತ್ತಿದ್ದಂತೆಯೇ ಆಟೋದವನು ಶರಟಿನ ಕಾಲರು ಎಳೆದು ಮೂಗಿಗೆ ಹಿಡಿದ. ಆ ವಾಸನೆ ನಮ್ಮ ಮನೆಯಿಂದಲೇ ಬರುತ್ತಿದೆಯೆಂದು ಗೇಟಿನ ಮುಂದೆ ಇಳಿಯುವ ತನಕ ನನಗೆ ಹೊಳೆಯಲಿಲ್ಲ.

ಜಗಲಿಯ ಮೇಲೆ ಒಬ್ಬ ವಯಸ್ಸಾದ ಹೆಂಗಸು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬಾಡಿಗೆಯವರ ಅತ್ತೆ ಇವರೇ ಇರಬೇಕು ಅಂದುಕೊಂಡು, ಭದ್ರಾವತಿಯಿಂದ ಬಂದಿದ್ದೇನೆ, ಈ ಮನೆ ನಮ್ಮದು ಎಂದೆ. ಆಕೆ ಏಳಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು, ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ, ಆಮೇಲೆ ನನ್ನನ್ನು ನೋಡಿದರು.

"ನೀವೇನಾ ಓನರಮ್ಮ? ಹೇಲಲ್ಲಿ ಇದ್ದು ಅಭ್ಯಾಸ ಇರೋ ಜನ, ಇರ್ಲಿ ಬಿಡಿ ಅಂದಿರೋರು?"

ನನಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿ ಅಂದೆ.

"ನಾನ್ಯಾಕೆ ಇನ್ನೊಂದ್ ಸಲ ಹೇಳ್ಲಿ? ನೀವು ಹೇಳಿದ್ದು, ನಾವು ಕೇಳಿದ್ದು. ಬಾಗ್ಲ ಮೇಲೆ ಸಂಸ್ಕೃತ ಬರ್ಸಿದೀರ, ಬಾಯಲ್ಲಿ ಇಂಥ ಮಾತಾ?"

ಮಾತು ಕೇಳಿ ಒಳಗಿನಿಂದ ಸೊಸೆ ಬಂದಳು. ಆಗಷ್ಟೇ ಕೆಲಸದಿಂದ ಬಂದಿದ್ದಿರಬೇಕು, ಕತ್ತಿನಲ್ಲಿ ಗುರುತಿನ ಚೀಟಿ ಇನ್ನೂ ತೂಗುತ್ತಿತ್ತು. ಅತ್ತೆಯನ್ನು ಸುಮ್ಮನಾಗಿಸಿ, ನನಗೆ ಬನ್ನಿ ಎಂದೂ ಅನ್ನದೆ, "ಹಿತ್ತಲು ನೋಡಿ ಮೊದ್ಲು" ಎಂದು ಮುಂದೆ ನಡೆದಳು.

ಪಿಟ್ಟಿನ ಮುಚ್ಚಳ ಬಿರುಕು ಬಿಟ್ಟು ಒಂದು ಕಡೆ ಎದ್ದು ನಿಂತಿತ್ತು. ಅದರ ಸಂದಿಯಿಂದ ಉಕ್ಕಿದ್ದು ಬಟ್ಟೆ ಒಗೆಯುವ ಕಲ್ಲಿನ ಬುಡ ದಾಟಿ, ಕರಿಬೇವಿನ ಗಿಡದ ಸುತ್ತ ನಿಂತು, ಅಡುಗೆಮನೆಯ ಹಿಂಬಾಗಿಲಿನ ಹೊಸ್ತಿಲವರೆಗೆ ಬಂದಿತ್ತು. ಮಳೆ ಬಂದಾಗಲೆಲ್ಲ ಒಳಗೇ ಬರುತ್ತದೆಂದು ಹೊಸ್ತಿಲಿಗೆ ಮಣ್ಣಿನ ಕಟ್ಟೆ ಕಟ್ಟಿದ್ದರು. ನಡೆದಾಡಲು ಇಟ್ಟಿಗೆ ಸಾಲು, ಅದರ ಮೇಲೊಂದು ಹಲಗೆ. ನೊಣ ಎಷ್ಟಿತ್ತೆಂದರೆ ಕರಿಬೇವಿನ ಎಲೆ ಕಪ್ಪಗೆ ಕಾಣುತ್ತಿತ್ತು. ಕಕ್ಕಸಿಗೆ ಪಕ್ಕದ ಮನೆಯವರನ್ನು ಕೇಳಿಕೊಂಡು ಹೋಗುತ್ತಿದ್ದರಂತೆ. ಅತ್ತೆಗೆ ಮಂಡಿನೋವು, ದೂರ ನಡೆಯಲಾಗದ್ದಕ್ಕೆ ಬಕೆಟ್ಟು.

"ಇದನ್ನ ಖಾಲಿ ಮಾಡಿಸ್ಲೇ ಇಲ್ವಾ?" ಕೇಳಿದೆ.

"ಯಾರು ಮಾಡ್ಸಿದ್ರು? ನೀವು ಬೇಡ ಅಂದ್ರಲ್ಲ."

"ನಾನಾ?"

ಅವಳು ಫೋನು ತೆಗೆದು ಏಜೆನ್ಸಿಯವನು ರೆಕಾರ್ಡ್ ಮಾಡಿ ಕಳಿಸಿದ್ದ ಮಾತನ್ನು ಕೇಳಿಸಿದಳು. ಅದೇ ನಯವಾದ ದನಿ. "ನಾನು ಓನರ್ ಮೇಡಂಗೆ ಹೇಳಿ ಹೇಳಿ ಸಾಕಾಯ್ತಮ್ಮ. ಆ ಜನಕ್ಕೆಲ್ಲ ಅದು ಅಭ್ಯಾಸ ಇರತ್ತೆ, ದುಡ್ಡು ಹಾಕಲ್ಲ, ಇರಕ್ಕೆ ಆಗ್ದಿದ್ರೆ ಬಿಟ್ಟು ಹೋಗ್ಲಿ ಅಂತಾರೆ. ಅವರು ಮಡಿ ಜನ, ಗೊತ್ತಲ್ಲ. ನನಗೂ ಬೇಜಾರು. ಬೇರೆ ಮನೆ ನೋಡ್ಕೊಡ್ತೀನಿ."

ನನಗೆ ಹೇಸಿಗೆಯಾಯಿತು. ಅದು ಹಿತ್ತಲಿನ ವಾಸನೆಗಲ್ಲ. ಈ ಮಾತು ನಾನು ಆಡಿದ್ದೆಂದು ಇವರು ಇಷ್ಟು ದಿನ ನನ್ನ ಗೋಡೆಗಳ ನಡುವೆ ಉಂಡು ಮಲಗಿದ್ದರಲ್ಲ, ಅದಕ್ಕೆ. ನಾನು ಹೀಗೆ ಹೇಳಿಲ್ಲ, ಪಿಟ್ಟಿನ ದುಡ್ಡು ಪ್ರತಿ ಸಲ ಹಿಡಿದುಕೊಂಡಿದ್ದಾನೆ ಎಂದೆ. ಸೊಸೆ ತಲೆಯಾಡಿಸಿದಳು. ಅದು ನಂಬಿದ ತಲೆಯಾಟವೋ ಅಲ್ಲವೋ ತಿಳಿಯಲಿಲ್ಲ. ನಿಧಾನಕ್ಕೆ ಗೋಡೆ ಹಿಡಿದುಕೊಂಡು ಬಂದಿದ್ದ ಅತ್ತೆ ಮಾತ್ರ, "ಹೇಳಿರ್ತೀರ" ಅಂದರು. ಜಗಳದ ದನಿಯಲ್ಲಲ್ಲ. ಇಂಥದ್ದನ್ನು ಬೇಕಾದಷ್ಟು ಕೇಳಿದವರ ದನಿಯಲ್ಲಿ.

ಅಲ್ಲೇ ನಿಂತು ಅವನಿಗೆ ಫೋನು ಮಾಡಿದೆ. ಅವರಿಬ್ಬರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದೆ.

"ನವುಲೆ ಮನೆ ಪಿಟ್ ಏನಾಯ್ತಪ್ಪ?"

"ಆಯ್ತು ಮೇಡಂ, ಫಸ್ಟ್ ಕ್ಲಾಸ್ ಮಾಡ್ಸಿದೀನಿ. ಆದ್ರೆ ಏನ್ ಮಾಡಿದ್ರೂ ಅಷ್ಟೇ. ಆ ಮುದುಕಿ ಒಬ್ಳು ಸಾಕು, ಮನೆ ಗಲೀಜು ಮಾಡಕ್ಕೆ. ನಿಮ್ಮಂಥೋರ ಮನೇಲಿ ಇರೋ ಜನ ಅಲ್ಲ ಅವರು. ಹೂಂ ಅನ್ನಿ, ಈ ತಿಂಗಳೇ ಏಳಿಸ್ತೀನಿ."

ಸೊಸೆ ಬೇರೆ ಕಡೆ ಮುಖ ತಿರುಗಿಸಿದಳು. ಅತ್ತೆ ತಿರುಗಿಸಲಿಲ್ಲ. ಫೋನನ್ನೇ ನೋಡುತ್ತಿದ್ದರು.

"ನಾನು ಆ ಹಿತ್ತಲಲ್ಲೇ ನಿಂತಿದೀನಿ. ಅವರೂ ಇಲ್ಲೇ ಇದಾರೆ" ಅಂದೆ.

ಅವನು ಬೆವರುತ್ತಾನೆ, ತೊದಲುತ್ತಾನೆ, ಫೋನಿಡುತ್ತಾನೆ ಎಂದುಕೊಂಡಿದ್ದೆ. "ಹೌದಾ ಮೇಡಂ? ಒಂದ್ ಮಾತು ಹೇಳಿ ಬರ್ಬಾರ್ದಿತ್ತಾ?" ಅಂದ. ತಿಂಡಿಗೆ ನೆಂಟರು ಹೇಳದೆ ಬಂದರೆ ಅನ್ನುವ ಹಾಗೆ.

ಆ ದಿನ ನಾನು ಭದ್ರಾವತಿಗೆ ವಾಪಸು ಹೋಗಲಿಲ್ಲ. ವಿಚಾರಿಸಿ ಪಿಟ್ ಖಾಲಿ ಮಾಡುವ ಟ್ಯಾಂಕರ್ ತರಿಸಿದೆ. ಭದ್ರಾವತಿಯಲ್ಲಿ ಗೊತ್ತಿದ್ದ ಗಾರೆ ಕೆಲಸದವರೊಬ್ಬರನ್ನು ಕರೆಸಿದೆ. ಪೈಪು ಒಳಗೇ ಕುಸಿದಿತ್ತು. ಅದನ್ನು ಅಗೆದು ಬದಲಾಯಿಸಿ, ಹೊಸ ಮುಚ್ಚಳ ಕೂರಿಸಿ, ಹಿತ್ತಲಿಗೆ ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವಷ್ಟರಲ್ಲಿ ಮರುದಿನದ ಮಧ್ಯಾಹ್ನ. ನಾನೂ ಸೀರೆ ಎತ್ತಿ ಕಟ್ಟಿ ಪೊರಕೆ ಹಿಡಿದೆ. ಸೊಸೆ ಬೇಡ ಬೇಡ ಅಂದಳು. ಅತ್ತೆ ಏನೂ ಅನ್ನಲಿಲ್ಲ.

ಅದೇ ಸೀರೆಯಲ್ಲಿ ಏಜೆನ್ಸಿಯ ಆಫೀಸಿಗೆ ಹೋದೆ. ಬದಲಾಯಿಸಲು ಬೇರೆ ಇರಲಿಲ್ಲ, ಇದ್ದರೂ ಬದಲಾಯಿಸುತ್ತಿರಲಿಲ್ಲ. ಎ.ಸಿ. ಕೋಣೆಯಲ್ಲಿ ವಾಸನೆ ಕೂಡಲೇ ಹರಡಿತು. ಅವನು ಎದ್ದು ನಿಂತು ನಮಸ್ಕಾರ ಮಾಡಿದ, ಟೀ ತರಿಸಲಾ ಎಂದು ಕೇಳಿದ, ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ಡಬ್ಬಿ ತೆಗೆದು ನನ್ನ ತಲೆಯ ಮೇಲೆಯೇ ಗಾಳಿಗೆ ಸೆಂಟು ಹೊಡೆದ. ಮಲ್ಲಿಗೆಯ ವಾಸನೆ. ಮಲವೂ ಮಲ್ಲಿಗೆಯೂ ಕಲೆತ ಆ ವಾಸನೆಯಷ್ಟು ಅಸಹ್ಯವಾದದ್ದು ನನ್ನ ಇಡೀ ಸರ್ವೀಸಿನಲ್ಲಿ ಮೂಗಿಗೆ ಬಡಿದಿರಲಿಲ್ಲ.

"ನಿಮ್ಮ ಹತ್ರ ಇರೋ ನಮ್ಮನೆ ಕೀ ಕೊಡಿ. ನಿಮ್ಮ ಸಹವಾಸ ಸಾಕು" ಅಂದೆ.

"ಕೋಪ ಬೇಡ ಮೇಡಂ. ಪಿಟ್ ವಿಷಯ ನಮ್ ಕಡೆ ಮಿಸ್ಟೇಕು, ಒಪ್ಕೊಳ್ತೀನಿ."

"ಪಿಟ್ಟು ಆಮೇಲೆ. ನಾನು ಹೇಳ್ದೆ ಇರೋದನ್ನ ನಾನು ಹೇಳಿದೆ ಅಂತ ಯಾಕೆ ಹೇಳಿದ್ರಿ?"

ಅವನು ನಕ್ಕ. ತಪ್ಪು ಮಾಡಿ ಸಿಕ್ಕಿಬಿದ್ದವನ ನಗುವಲ್ಲ, ಚಿಕ್ಕ ಮಕ್ಕಳಿಗೆ ತಿಳಿಹೇಳುವವರ ನಗು. "ನೀವು ಹೇಳ್ಲಿಲ್ಲ, ನಿಜ. ಆದ್ರೆ ಓನರ್‌ಗಳಿಗೆ ಬೇಕಾಗಿರೋದೇ ಅದು ಮೇಡಂ. ಅವರ ಬಾಯಲ್ಲಿ ಹೇಳಕ್ಕಾಗಲ್ಲ, ನಾವು ಹೇಳ್ತೀವಿ. ಅದಕ್ಕೇ ಅಲ್ವಾ ನಮ್ಮ ಹತ್ರ ಬರೋದು?" ಎಂದವನೇ ಪಕ್ಕದ ಕುರ್ಚಿಯತ್ತ ತಿರುಗಿ, "ಏನ್ ಸಾರ್?" ಅಂದ.

ಅಲ್ಲಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಒಬ್ಬರು ಹಿರಿಯರು ಕೂತಿದ್ದರು. ಅಡಿಕೆ ವ್ಯವಹಾರದವರು, ಶಿವಮೊಗ್ಗದಲ್ಲಿ ಬಾಡಿಗೆಗೆ ಕೊಟ್ಟ ಮನೆಗಳಿವೆ ಎಂದು ನಾನು ಒಳಗೆ ಬಂದಾಗ ನಡೆಯುತ್ತಿದ್ದ ಮಾತಿನಲ್ಲೇ ತಿಳಿದಿತ್ತು. ಅವರಾದರೂ ಛೀ ಅನ್ನುತ್ತಾರೆಂದು ನೋಡಿದೆ. ಅವರು ಕರವಸ್ತ್ರ ತೆಗೆಯದೆಯೇ, "ಇವರಿದ್ರೆ ನಮಗೆ ಯಾರ ಮುಖ ನೋಡೋದೂ ಇರಲ್ಲ ನೋಡಿ. ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ ತಾಯಿ" ಅಂದರು. ಸಜ್ಜನರ ಹಾಗೆ ಕಂಡರು. ನಿಜವಾಗಿಯೂ ನನ್ನನ್ನು ಸಮಾಧಾನ ಮಾಡುತ್ತಿದ್ದರು.

ನಾನು ಎದುರಿನ ಕುರ್ಚಿಯಲ್ಲಿ ಕೂತೆ. ಕೀ ಕೊಡದಿದ್ದರೆ ಇಲ್ಲಿಂದ ಏಳುವುದಿಲ್ಲ ಎಂದಷ್ಟೇ ಅಂದೆ. ಒಪ್ಪಂದದ ಅವಧಿ, ಅದು ಇದು ಎಂದು ಸ್ವಲ್ಪ ಹೊತ್ತು ಹೇಳಿದ. ಗಿರಾಕಿಗಳು ಬಾಗಿಲು ತೆರೆದು, ಮೂಗು ಹಿಡಿದು, ವಾಪಸು ಹೋಗತೊಡಗಿದ ಮೇಲೆ ಕೀ ಮೇಜಿನ ಮೇಲೆ ಬಂತು. ಸುಳ್ಳು ರಿಪೇರಿಗೆ ಹಿಡಿದುಕೊಂಡಿದ್ದು ಬರಲಿಲ್ಲ, ನಾನೂ ಅದರ ಬೆನ್ನು ಹತ್ತಲಿಲ್ಲ. ಅವನ ಎದುರು ಇನ್ನೊಮ್ಮೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಮನೆಗೆ ಬಂದು ಎಲ್ಲ ಹೇಳಿದಾಗ ಯಜಮಾನರು, "ಆ ಅಜ್ಜಿ ಏನಂದ್ರು ಕೊನೆಗೆ?" ಎಂದು ಕೇಳಿದರು. ಏನೂ ಅನ್ನಲಿಲ್ಲ ಎಂದೆ.

ಆಮೇಲೆ ಆ ಸೊಸೆಯ ಜೊತೆ ನಾನೇ ನೇರವಾಗಿ ಮಾತಾಡುತ್ತಿದ್ದೆ. ಎಲ್ಲ ಸರಿಯಿದೆ ಅಮ್ಮ ಅನ್ನುತ್ತಿದ್ದಳು. ಬಾಡಿಗೆಯೂ ಸರಿಯಾಗಿ ಬರುತ್ತಿತ್ತು. ಆದರೆ ಬೇಸಿಗೆ ರಜೆಯ ಹೊತ್ತಿಗೆ ಬೇರೆ ಮನೆ ನೋಡಿದ್ದೇವೆ, ಬಿಡುತ್ತೇವೆ ಎಂದಳು. ಬಾಡಿಗೆ ಕಡಿಮೆ ಮಾಡುತ್ತೇನೆ, ಇರಿ ಅಂದೆ.

"ನಿಮ್ಮ ಮೇಲೆ ಏನಿಲ್ಲ ಅಮ್ಮ" ಅಂದಳು. "ಅತ್ತೆಗೆ ಆ ಅಡುಗೆಮನೇಲಿ ಊಟ ಸೇರ್ತಿಲ್ಲ. ತೊಳ್ದಿದೀವಿ, ಬಣ್ಣ ಹೊಡ್ದಿದೀವಿ, ಆದ್ರೂ ತಟ್ಟೆ ಹಿಡ್ಕೊಂಡು ಹೊರಗ್ ಬಂದು ಕೂರ್ತಾರೆ."

ಅವರು ಹೋದ ಮೇಲೆ ನಾನೂ ಯಜಮಾನರೂ ಹೋಗಿ ಮನೆ ಗುಡಿಸಿ, ಗೇಟಿಗೆ ನನ್ನ ನಂಬರು ಬರೆದ ಬೋರ್ಡು ಕಟ್ಟಿ ಬಂದೆವು. ಈಗ ಬಾಡಿಗೆಗೆ ಕೇಳುವವರಿಗೆ ನಾನೇ ಹೋಗಿ ಮನೆ ತೋರಿಸಿ ಮಾತಾಡುತ್ತೇನೆ. ಬಲ್ಬು ಹೋದರೂ ಫೋನು ಬರುತ್ತದೆ, ಬರಲಿ. ಕೆಲವರು ಮನೆ ನೋಡುವ ಮೊದಲೇ, ಹೊಸ್ತಿಲಾಚೆ ಚಪ್ಪಲಿ ಬಿಡುತ್ತಾ, "ನಾವು ಇಂಥೋರು, ಕೊಡ್ತೀರಾ?" ಎಂದು ತಮ್ಮ ಜಾತಿ ಹೇಳಿಬಿಡುತ್ತಾರೆ. ಒಳಗೆ ಬನ್ನಿ ಎನ್ನುತ್ತೇನೆ. ಆದರೂ ಅವರು ಬಾಗಿಲಲ್ಲೇ ನಿಂತು ಇನ್ನೊಮ್ಮೆ ಕೇಳುತ್ತಾರೆ.